ಪೊರಕೆ ಕಡ್ಡಿ

ಪೀಣ್ಯ ಎರಡನೇ ಹಂತ. ನಮ್ಮ ಶಾಲೆಯ ಹಿಂಗೋಡೆಗೆ
ಆತುಕೊಂಡೇ ಇದೆ ಪ್ರೆಸ್ ಮಷೀನಿನ ಶೆಡ್ಡು.
ಧಡ್. ತಗಡಿಗೊಂದು ತೂತು. ಧಡ್. ಇನ್ನೊಂದು.
ಅದೇ ತಾಳಕ್ಕೆ ಓದುತ್ತವೆ ನನ್ನ ಮೂರನೇ ಕ್ಲಾಸು:
ಅಜ್ಜಿ. ಧಡ್. ಕೊಡ. ಧಡ್. ತಂದಳು. ಧಡ್.
ಒಂದೊಂದು ಪದವೂ ಬಿಡಿ ವಾಷರಿನಂತೆ
ಕೆಳಗೆ ಬಿದ್ದು, ಉರುಳಿ, ಬೆಂಚಿನಡಿ ಸೇರುತ್ತದೆ.

ನನ್ನ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚು.
ಮೇಲಿನವರು ಕಳಿಸಿದ ನಮೂನೆಯಲ್ಲಿ
ಹೆಸರಿನ ಮುಂದೆ ಒಂದೇ ಕಾಲಂ:
ನಿಮಿಷಕ್ಕೆ ಎಷ್ಟು ಪದ.

ಹುಲಿಗೆಮ್ಮ ಎದ್ದಳು.
ಲಿಂಗಸುಗೂರಿನ ಕಡೆಯವಳು, ಇಲ್ಲಿಗೆ ಬಂದು ಎಂಟು ತಿಂಗಳು.
ಆಟಕ್ಕೆ ಬಿಟ್ಟರೆ ಮಾತು ಚೀಲ ಹರಿದ ಜೋಳ,
ಪುಸ್ತಕ ತೆರೆದರೆ ಕಾಳು ಕಾಳು ಎಣಿಸಬೇಕು.
ಬೆರಳು ಸಾಲಿನ ಕೆಳಗೇ ಇದೆ, ನಾನು ಹೇಳಿಕೊಟ್ಟಂತೆ.
ಆದರೂ ‘ಅಜ್ಜಿ’ ‘ಅಜಿ’, ‘ಹಳ್ಳಿ’ ‘ಹಳಿ’.
ಬಾಗಿ ನೋಡಿದೆ. ಒತ್ತಕ್ಷರವೆಲ್ಲ
ಅವಳ ಬೆರಳಿನಡಿ ಮುಚ್ಚಿಹೋಗಿತ್ತು.

ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೇನೆ.
ಎಷ್ಟು ಬೆರಳುಗಳನ್ನು ಹೀಗೆ ಹಿಡಿದು
ಅಕ್ಷರದ ಬುಡಕ್ಕೆ ಇಟ್ಟಿದ್ದೇನೋ.

“ಬೆರಳು ಮೇಲಿಡಮ್ಮ, ಸಾಲಿನ ತಲೆಯ ಮೇಲೆ.”
ಇಟ್ಟಳು. ಈಗ ಗುಡಿಸು ಮಾಯ.
ಅಜ್ಜಿ ಹೋಗಿ ಅಜ್ಜ ಆದಳು.
ಕ್ಲಾಸೆಲ್ಲ ನಕ್ಕಿತು, ಅವಳೂ ನಕ್ಕಳು.
ಮೂಲೆಯ ಪೊರಕೆಯಿಂದ ಒಂದು ಕಡ್ಡಿ ಎಳೆದು ಕೊಟ್ಟೆ.
ತೆಂಗಿನ ಕಡ್ಡಿ, ಸೂಜಿಯಷ್ಟು ಸಣ್ಣ ನೆರಳು.

ನಾನೊಂದು ಸಾಲು, ನನ್ನ ಹಿಂದೆ ಅವರೊಂದು ಸಾಲು.
ತಬ್ರೇಜ್ ಪುಟ ನೋಡದೆಯೇ ಓದುತ್ತಾನೆ,
ಕಿಟಕಿಯಾಚೆ ಮೆಟ್ರೊ ಬೋಗಿ ಎಣಿಸುತ್ತ.
ಮಲರ್ ತನ್ನ ಜೋಡಿಯ ಕಿವಿಗೆ
ಮುಂದಿನ ಪದ ಗುಟ್ಟಾಗಿ ಉಸುರುತ್ತಾಳೆ;
ಅದು ಕಳ್ಳತನ ಅಂದುಕೊಂಡಿದ್ದಾಳೆ.
ಅದೇ ಪಾಠ ಕಣೇ ಅಂತ ನಾನು ಹೇಳಲು ಹೋಗಿಲ್ಲ.

“ನೀರು ಬಂತು, ನೀರು ಬಂತು! ಎಂದು ಅಜ್ಜಿ ಕೂಗಿದಳು.”
ಐದು ಸಲ ಆಯಿತು. ಆರನೆಯದೂ ಆಯಿತು.
ಕರೆಂಟ್ ಬಿಲ್ಲು ಓದಿದಂತೆ ಓದಿದರು.
ಕೇಳಿದೆ: ನಿಮ್ಮ ವಠಾರಕ್ಕೆ ಟ್ಯಾಂಕರ್ ಬಂದಾಗ
ಮೊದಲು ಕೂಗೋದು ಯಾರು?
“ನಮ್ಮವ್ವ.” ಹುಲಿಗೆಮ್ಮ.
ಹೇಗೆ ಕೂಗ್ತಾರೆ?

ಬಾಗಿಲು ನೋಡಿದಳು. ನನ್ನನ್ನು ನೋಡಿದಳು.
ಕಡ್ಡಿಯನ್ನು ಪುಟದೊಳಗಿಟ್ಟು ಪುಸ್ತಕ ಮುಚ್ಚಿದಳು.
“ನೀರ್ ಬಂದಾವ್ರೇ...! ಲಗೂ ಬರ್ರೀ,
ಕೊಡಾ ತಗೊಂಡ್ ಬರ್ರೀ!”

ಪಕ್ಕದ ಕ್ಲಾಸಿನ ಮೇಷ್ಟ್ರು ಓಡಿ ಬಂದು ಇಣುಕಿದರು.
ಮಷೀನು ನಿಂತಿರಲಿಲ್ಲ,
ನನಗೆ ಕೇಳಿಸಲಿಲ್ಲ ಅಷ್ಟೆ.

ಈಗ ತೆರೆ. ಅದೇ ಅಜ್ಜಿ, ಅದೇ ನೀರು.
“ನೀರು ಬಂತು,” ಎಂದಳು.
ಅಲ್ಪವಿರಾಮದಲ್ಲಿ ನಿಂತಳು,
ಕೊಡ ಸೊಂಟಕ್ಕೇರಿಸಿಕೊಳ್ಳುವಷ್ಟು ಹೊತ್ತು.
“ನೀರು ಬಂತು!”
ಆಮೇಲೆ ದನಿ ತಗ್ಗಿಸಿದಳು, ಯಾರೂ ಹೇಳಿರಲಿಲ್ಲ,
ಮನೆಗೆ ಬಂದು ನಮಗೆ ಸುದ್ದಿ ಹೇಳುವವಳಂತೆ:
“ಎಂದು ಅಜ್ಜಿ ಕೂಗಿದಳು.”

ಮುಂದಿನ ಸಾಲಿನ ‘ಪಾತ್ರೆ’ಗೆ ಮತ್ತೆ ಎಡವಿದಳು.
ಎಡವಲಿ.

ಸ್ಟಾಪ್‌ವಾಚು ನಿಲ್ಲಿಸುವುದನ್ನೇ ಮರೆತಿದ್ದೆ.
ಮತ್ತೆ ಓದಿಸಿ, ಎಣಿಸಿ ಬರೆದೆ: ಮೂವತ್ತೊಂದು.
ಬೇಕಾದದ್ದು ನಲವತ್ತೈದು.
ತಗ್ಗಿಸಿದ ಆ ದನಿಯನ್ನು ಎಲ್ಲಿ ಬರೆಯಲಿ ಎಂದು
ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿದೆ.
ಹಿಂಬದಿಯಲ್ಲಿ ಮುಖ್ಯೋಪಾಧ್ಯಾಯರ ಸಹಿಗೆ ಮಾತ್ರ ಜಾಗ.

ಮಧ್ಯಾಹ್ನ ಊಟದ ಗಂಟೆಯ ನಂತರ
ಶಾಲೆಯ ಪೊರಕೆ ಅರ್ಧಕ್ಕರ್ಧ ಬೋಳು.
ಆಯಾ ಸಿದ್ದಗಂಗಮ್ಮ ಅದನ್ನೆತ್ತಿ ಹಿಡಿದು
ಬಾಗಿಲಲ್ಲಿ ನಿಂತರು: “ಯಾರು ಕಿತ್ತಿದ್ದು?”
ಇಪ್ಪತ್ತಾರು ಕಡ್ಡಿಗಳು
ಇಪ್ಪತ್ತಾರು ಪುಸ್ತಕಗಳೊಳಗೆ ಸರಕ್ಕನೆ ಅಡಗಿದವು.
ಬೆಳಗಿನಿಂದ ಗಂಟಲು ಹರಿದು ಓದಿದವರು
ಒಬ್ಬರೂ ಬಾಯಿ ಬಿಡಲಿಲ್ಲ.
ನಾನೂ.